ತೀರದ ಪ್ರಮಾಣ

ನಾಳೆ ಎಲ್ಲರೆದುರು ಸುಳ್ಳು ಹೇಳುವಾಗ ದನಿ ನಡುಗದೇ ಇದ್ದುಬಿಟ್ಟರೆ? ರೆಗೀನಳ ಹೆದರಿಕೆ ಅದೇ. ನಡುಗಿದರೆ ಸಿಕ್ಕಿಬೀಳುತ್ತಾಳೆ, ಸರಿ. ನಡುಗದಿದ್ದರೆ, ಮುಂದೆ ತನ್ನ ಯಾವ ಮಾತನ್ನು ತಾನೇ ನಂಬುವುದು?

ಅಲೆ ದಡಕ್ಕೆ ತಂದೆಸೆಯುವ ಜೇನುಬಣ್ಣದ ಅಂಬರ್ ಹರಳೆಲ್ಲವೂ ಪ್ರಶ್ಯದ ರಾಜನ ಸೊತ್ತು. ಎತ್ತಿಕೊಂಡವರಿಗೆ ಛಡಿಯೇಟು. ತೀರದ ಜನವೆಲ್ಲ, ಪಾದ್ರಿಯೂ ಸೇರಿ, ಇಗರ್ಜಿಯಲ್ಲಿ ಕೈಯೆತ್ತಿ ಹೇಳಬೇಕು: ನಾನು ಎತ್ತಿಲ್ಲ, ಎತ್ತಿದವರು ಮನೆಯವರೇ ಆದರೂ ಮುಚ್ಚಿಟ್ಟಿಲ್ಲ. ರೆಗೀನಳಿಗೆ ಇದು ಮೊದಲ ಸಲ. ಅವಳ ಮದುವೆಯ ಸರಕ್ಕೆಂದು ಅವ್ವ ಹೆಕ್ಕಿ ತಂದ ಅಂಬರ್ ಚೂರುಗಳು ಹಿಟ್ಟಿನ ಮಡಕೆಯ ತಳದಲ್ಲಿದ್ದವು.

“ಎಲ್ರೂ ಹೇಳ್ತಾರೆ ಕಣೆ, ನೀನೂ ಹೇಳ್ಬಿಡು,” ಎಂದಳು ಅವ್ವ, ಮೀನಿನ ಹೊಟ್ಟೆ ಸೀಳುತ್ತ. “ರಾಜನ ಕೋಟೆಯೇನೂ ಕುಸಿದು ಬೀಳಲ್ಲ.”

“ಎಲ್ರೂ ಹಂಗೇ ಹೇಳೋದಾದ್ರೆ ಪ್ರಮಾಣ ಅಂತ ಯಾಕಿರ್ಬೇಕವ್ವ?”

“ನಂಗೇನು ಗೊತ್ತು? ಬರೀ ಕೊರಳಲ್ಲಿ ನಿನ್ನ ಕಳಿಸೋಕೆ ಮನಸ್ಸು ಬರಲ್ಲ. ಅಷ್ಟೇ ಗೊತ್ತು.” ಮಗಳ ಕೆನ್ನೆ ಮುಟ್ಟಹೋದವಳು ಕೈಗಂಟಿದ ಹುರುಪೆ ಕಂಡು ತಡೆದು, ಮೊಣಕೈಯಿಂದ ಸವರಿದಳು.

ಬೆಳಿಗ್ಗೆ ಮಂಜು ಇಗರ್ಜಿಯ ಒಳಗೂ ಬಂದಿತ್ತು. ದೀಪಗಳು ನೀರಿನಡಿ ಉರಿಯುವಂತೆ ಕಾಣುತ್ತಿದ್ದವು. ಒಬ್ಬರಾದ ಮೇಲೊಬ್ಬರು ಮಂಜಿನಿಂದ ಮೂಡಿ, ಅವೇ ಮಾತುಗಳನ್ನು ಹೇಳಿ, ಮಂಜಿಗೇ ಮರಳುತ್ತಿದ್ದರು. ಒಳಗಿನ ಜೀವ ಯಾವಾಗಲೋ ಹೋಗಿ ಚಿಪ್ಪಷ್ಟೇ ಉಳಿದಂಥ ಮಾತುಗಳು. ಅವು ತೇಲಿಬಂದು ತನ್ನ ಕಾಲಬಳಿ ಮೆಲ್ಲಗೆ ರಾಶಿ ಬೀಳುತ್ತಿವೆ ಎನ್ನಿಸಿತು ರೆಗೀನಳಿಗೆ. ಇನ್ನೊಂದು ಸೇರಿದರೆ ಯಾರಿಗೆ ತಿಳಿಯುತ್ತದೆ?

“ಏನೇ, ತುಟಿ ಹೊಲ್ಕೊಂಡು ಬಂದಿದ್ದೀಯ?” ಪಕ್ಕದಲ್ಲಿದ್ದ ನೆರೆಮನೆಯ ಮುದುಕಿ ಕತ್ರೀನ ತಿವಿದಳು. “ಮದುವೆ ದಿನ ಪಾದ್ರಿ ಕೇಳಿದ್ರೆ, ಹೂಂ ಅನ್ನೋಕೆ ಸಾಯಂಕಾಲ ಮಾಡ್ತೀಯ ನೀನು.”

ಹೆಸರು ಕರೆದರು. ರೆಗೀನ ಮುಂದೆ ಹೋಗಿ ಕೈಯೆತ್ತಿದಳು. ಬೆಂಚಿನಲ್ಲಿ ಕೂತಿದ್ದ ಅವ್ವನ ತುಟಿಗಳು ಸದ್ದಿಲ್ಲದೆ ಪ್ರಮಾಣದ ಮಾತುಗಳನ್ನು ಹೇಳಿಕೊಡುತ್ತಿದ್ದವು, ಚಿಕ್ಕಂದಿನಲ್ಲಿ ಪ್ರಾರ್ಥನೆ ಕಲಿಸಿದ ಹಾಗೆಯೇ, ಒಂದೊಂದೇ ಪದ, ಮಗಳು ಹಿಂದೆ ಬೀಳದ ಹಾಗೆ.

ಹೆಸರು ಕರೆಯುತ್ತಿದ್ದ ತೀರದ ಅಧಿಕಾರಿ ಪಟ್ಟಿಯಿಂದ ತಲೆಯೆತ್ತಿದ. “ಹೇಳಮ್ಮ. ಮರ್ತುಹೋಯ್ತಾ?”

“ಮರ್ತಿಲ್ಲ, ಒಡೆಯರೆ,” ಎಂದಳು ರೆಗೀನ. “ನಾನು ಹೇಳಿದ್ರೆ ಅದು ಸುಳ್ಳಾಗುತ್ತೆ.”