ನಲ್ಲಿ ನೀರು

ಅತ್ತಿಗೆಯ ಎದೆಯ ಗಂಟಿನಿಂದ ಡಾಕ್ಟರು ದಪ್ಪ ಸೂಜಿಯಲ್ಲಿ ಚೂರು ತೆಗೆದು, ಪುಟ್ಟ ಬಾಟಲಿಗೆ ಹಾಕಿ, ಲ್ಯಾಬಿಗೆ ಕೊಟ್ಟು ಬಾ ಎಂದು ನನ್ನ ಕೈಗಿತ್ತರು. ಕ್ಯಾನ್ಸರ್ ಹೌದೋ ಅಲ್ಲವೋ ಅದರಿಂದಲೇ ತಿಳಿಯಬೇಕಿತ್ತು. ಮೆಟ್ಟಿಲ ತಿರುವಿನಲ್ಲಿ ನಿಂತು ಮುಚ್ಚಳ ತೆರೆದೆ. ನಮ್ಮೆಲ್ಲರ ನಿದ್ದೆ ಕೆಡಿಸಿದ್ದು ಹೇಗಿದೆಯೋ ನೋಡುವ ಆಸೆ. ಬಿಳಿ ದಾರದ ತುಂಡಿನಂತಿತ್ತು, ಅಷ್ಟೇ. ಘಾಟು ಮೂಗಿಗೆ ಹೊಡೆದು ಥಟ್ಟನೆ ಮುಖ ತಿರುಗಿಸಿದೆ. ಬಾಟಲಿ ವಾಲಿ ಒಳಗೆ ನೀರಿನಂತಿದ್ದುದೆಲ್ಲ ಚೆಲ್ಲಿತು. ಚೂರು ತಳಕ್ಕೆ ಅಂಟಿಕೊಂಡಿತ್ತು.

ಯಾರನ್ನಾದರೂ ಕೇಳಬಹುದಿತ್ತು. ಏಳನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ಬಿಳಿ ಕೋಟಿನವರ ಮುಂದೆ ಬಾಯಿ ಬರುವುದಿಲ್ಲ. ಕೈ ತೊಳೆಯುವ ನಲ್ಲಿಯಲ್ಲಿ ಬಾಟಲಿ ತುಂಬಿಸಿ ಲ್ಯಾಬಿನ ಕಿಟಕಿಯಲ್ಲಿ ಕೊಟ್ಟು ಬಂದೆ.

ನಾಲ್ಕನೆಯ ದಿನ ನಮ್ಮ ಹೊಲಿಗೆ ಅಂಗಡಿಗೆ ಆಸ್ಪತ್ರೆಯಿಂದ ಫೋನು ಬಂತು. ನಾನೇ ಎತ್ತಿದೆ.

"ಬಾಟಲೀಲಿ ಔಷಧಿ ಬದಲು ನೀರಿತ್ತು. ಚೂರು ಕೊಳೆತುಹೋಗಿದೆ. ಮತ್ತೆ ತೆಗೀಬೇಕು, ನಾಡಿದ್ದು ಬನ್ನಿ."

ಕೊನೆಯ ಮಾತನ್ನಷ್ಟೇ ಅತ್ತಿಗೆಗೆ ಹೇಳಿದೆ. ಅವರು ಕತ್ತರಿ ಕೆಳಗಿಟ್ಟರು.

"ಮತ್ತೆ ಕರೀತಾರೆ ಅಂದ್ರೆ ಅದೇ, ಬಿಡು." ಸ್ವಲ್ಪ ಹೊತ್ತಿನ ಮೇಲೆ ಅಳತೆ ಪುಸ್ತಕ ನನ್ನ ಮುಂದಿಟ್ಟರು. "ಮೇಷ್ಟ್ರ ಹೆಂಡ್ತಿಗೆ ಸೊಂಟ ಎರಡಿಂಚು ಜಾಸ್ತಿ ಬಿಡು. ಇದರಲ್ಲಿ ಮಾತ್ರ ಬರೀಬೇಡ. ನೋಡಿದ್ರೆ ಬೇರೆ ಅಂಗಡಿಗೆ ಹೋಗ್ತಾಳೆ."

"ಇದೆಲ್ಲ ಈಗ್ಯಾಕೆ ಅತ್ತಿಗೆ?"

"ನಿಮ್ಮಣ್ಣಂಗೆ ಗುಂಡಿ ಹಚ್ಚೋಕೂ ಬರಲ್ಲ. ಇನ್ಯಾರಿಗೆ ಹೇಳಲಿ?"

ಎರಡು ದಿನ ಹೇಳಿಕೊಟ್ಟರು. ಎರಡು ದಿನವೂ ತಲೆ ತಗ್ಗಿಸಿ ಕಲಿತೆ.

ಆಸ್ಪತ್ರೆಯ ಬೆಂಚಿನ ಮೇಲೆ ಅವರು ನನ್ನ ಕೈ ಹಿಡಿದುಕೊಂಡರು. ಆ ಹಿಡಿತ ತಡೆಯಲಾಗಲಿಲ್ಲ.

"ಬಾಟಲಿ ನಾನು ಚೆಲ್ಲಿದ್ದು ಅತ್ತಿಗೆ. ನಲ್ಲಿ ನೀರು ತುಂಬಿಸ್ದೆ. ಅದಕ್ಕೇ ಕೆಟ್ಟಿದ್ದು."

ಅವರು ಕೈ ಬಿಟ್ಟರು. "ಅಂದ್ರೆ, ಇನ್ನೂ ಏನೂ ಗೊತ್ತಾಗಿಲ್ವಾ?"

"ಇಲ್ಲ."

"ಎರಡು ದಿನ ನಾನು ಸತ್ತೇ ಹೋಗಿದ್ದೆ ಕಣೆ," ಎಂದರು, ಮೆಲ್ಲಗೆ. ಅಷ್ಟರಲ್ಲಿ ನರ್ಸು ಕರೆದಳು.

ಬಾಗಿಲ ಹಿಂದಿನಿಂದ ಒಮ್ಮೆ "ಅಮ್ಮಾ" ಎಂದದ್ದು ಕೇಳಿತು. ಹೊರಗೆ ಬಂದವರು ಒಂದು ಕೈ ಎದೆಗೊತ್ತಿಕೊಂಡಿದ್ದರು. ಎರಡನೆಯ ಆ ಗಾಯ ನನ್ನದು. ಇನ್ನೊಂದು ಕೈಯಲ್ಲಿ ಬಾಟಲಿ. ನನ್ನತ್ತಲೇ ಚಾಚಿದರು.

"ಹೋಗು. ಈ ಸಲ ಏನಾದ್ರೂ ಆದ್ರೆ ಬಾಯಿ ಬಿಟ್ಟು ಹೇಳು."

ಎರಡೂ ಕೈಯಲ್ಲಿ ಹಿಡಿದು ಇಳಿದೆ. ಕಿಟಕಿಯವನು ನನ್ನ ಮುಖ ಕೂಡ ನೋಡದೆ ಕೈ ಚಾಚಿದ.

"ಹೋದ ಸಲ ನೀರು ತುಂಬಿಸಿದ್ದು ನಾನೇ," ಎಂದೆ. "ಇದು ಸರಿಯಿದೆಯಾ, ನೋಡಿ."

ಅವನು ತಲೆಯೆತ್ತಿದ. ಮುಚ್ಚಳ ತೆರೆದು ಮೂಸಿ ನೋಡುವವರೆಗೆ ನಾನು ಅಲ್ಲೇ ನಿಂತಿದ್ದೆ.