ಆಂಟೆನಾ ಮಾತು

ಹರಿಹರಪುರದ ಕಡೆಯಿಂದ ಸೀತೂರಿಗೆ ಸೊಸೆಯಾಗಿ ಬಂದ ಮೊದಲ ಭಾನುವಾರವೇ ನಾನೊಂದು ತಪ್ಪು ತಿಳಿದುಕೊಂಡೆ. ನನ್ನ ಮಾವ ಶೇಷಪ್ಪನವರಿಗೂ ಪಕ್ಕದ ಮನೆಯಲ್ಲಿರುವ ಅವರ ಅಕ್ಕ ಪುಟ್ಟಕ್ಕನಿಗೂ ಬಹಳ ಅನ್ಯೋನ್ಯ ಅಂದುಕೊಂಡೆ. ಅಂದುಕೊಳ್ಳದೆ ಇನ್ನೇನು? ಮಾವ ಗುಡ್ಡದ ತುದಿಯಲ್ಲಿ ನಿಂತು "ಬಂತಾ?" ಎಂದು ಕೂಗುತ್ತಿದ್ದರು. ಕೆಳಗೆ ಅಂಗಳದಲ್ಲಿ ನಿಂತ ಪುಟ್ಟಕ್ಕ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಉತ್ತರ ಕೊಡುತ್ತಿದ್ದರು.

"ಇಲ್ಲ, ಬರೀ ಇರುವೆ ಹರೀತದೆ."

"ಈಗ?"

"ಈಗ ಒಬ್ಬನೇ ಮನುಷ್ಯ ಇಬ್ಬರಾಗಿ ಕಾಣ್ತಾನೆ."

"ಈಗ ನೋಡಿ."

"ಹಾಂ, ಬಂತು ಬಂತು! ಅಲ್ಲೇ ಇರ್ಲಿ, ಮುಟ್ಟೋದು ಬೇಡ!"

ನಮ್ಮೆರಡೂ ಮನೆ ತಗ್ಗಿನಲ್ಲಿವೆ. ಟಿ.ವಿ.ಗೆ ಚಿತ್ರ ಸಿಗುತ್ತಿದ್ದದ್ದು ಗುಡ್ಡದ ತಲೆಯ ಮೇಲೆ ಮಾತ್ರ. ಅಲ್ಲಿ ಕಬ್ಬಿಣದ ಪೈಪು ನೆಟ್ಟು ಆಂಟೆನಾ ಕಟ್ಟಿದ್ದರು. ಅಲ್ಲಿಂದ ಇಳಿದ ಒಂದೇ ವೈರು ಪುಟ್ಟಕ್ಕನ ಅಂಗಳದಲ್ಲಿ ಕವಲಾಗಿ ಎರಡೂ ಮನೆಗೆ ಹೋಗುತ್ತಿತ್ತು. ಗಾಳಿ ಬಂದರೆ, ಮಂಗ ಹಾರಿದರೆ ಆಂಟೆನಾ ತಿರುಗುತ್ತಿತ್ತು, ಎರಡೂ ಮನೆಯ ಚಿತ್ರ ಹೋಗುತ್ತಿತ್ತು. ನಮ್ಮ ಮನೆ ಗುಡ್ಡದ ತಿರುವಿನಾಚೆ, ಕೂಗು ಮುಟ್ಟುವುದಿಲ್ಲ. ಪುಟ್ಟಕ್ಕನಿಗೆ ಮಂಡಿ ನೋವು, ಗುಡ್ಡ ಹತ್ತಲಾಗದು. ಅವರ ಗಂಡ ಬೂತಪ್ಪನಿಗೆ ಕಿವಿ ಮಂದ. ಹಾಗಾಗಿ ತಿರುಗಿಸುವವರು ಮಾವ, ನೋಡಿ ಹೇಳುವವರು ಪುಟ್ಟಕ್ಕ.

ಮಾರನೆಯ ದಿನ ಬಾವಿಕಟ್ಟೆಯಲ್ಲಿ ಪುಟ್ಟಕ್ಕ ಮಾವನ ಮುಂದೆಯೇ ಮುಖ ತಿರುಗಿಸಿ ಹೋದರು. ನನಗೆ ಅರ್ಥವಾಗಲಿಲ್ಲ. ನನ್ನ ಗಂಡ ಸುಂದರೇಶನನ್ನು ಕೇಳಿದೆ.

"ಅವರಿಬ್ಬರಿಗೆ ಮಾತಿಲ್ಲ ಮಾರಾಯ್ತಿ. ನಮ್ಮ ಮದುವೆಯಿಂದ."

ಮದುವೆಗೆ ಕರೆಯುವುದೆಂದರೆ ನಮ್ಮಲ್ಲಿ ಮನೆಗೆ ಹೋಗಬೇಕು, ಕೂತು ನೀರು ಕುಡಿಯಬೇಕು, ಕುಂಕುಮ ಕೊಟ್ಟು "ಬರಬೇಕು" ಅನ್ನಬೇಕು. ಒಡಹುಟ್ಟಿದ ಅಕ್ಕನನ್ನಂತೂ ಎಲ್ಲರಿಗಿಂತ ಮೊದಲು ಕರೆಯಬೇಕು. ನಮ್ಮ ಮಾವ ಜಯಪುರ, ಕೊಪ್ಪ, ಬಾಳೆಹೊನ್ನೂರು ಎಲ್ಲ ಸುತ್ತಿ ಕರೆದು ಬಂದರು. ಅಕ್ಕ ಪಕ್ಕದ ಮನೆಯಲ್ಲೇ ಇದ್ದಾಳಲ್ಲ, ಏನವಸರ ಅಂತ ಬಿಟ್ಟರು. ಮದುವೆ ಹತ್ತಿರ ಬಂದಾಗ ಒಂದು ಸಂಜೆ ಗುಡ್ಡದ ಮೇಲೆ ಆಂಟೆನಾ ತಿರುಗಿಸುತ್ತಿದ್ದವರಿಗೆ ಇದ್ದಕ್ಕಿದ್ದಂತೆ ನೆನಪಾಯಿತು. ಅಲ್ಲಿಂದಲೇ ಕೂಗಿದರು: "ಅಕ್ಕಾ, ಗುರುವಾರ ಮದುವೆ, ಎಲ್ಲ ಬಂದ್ಬಿಡಿ! ಚಿತ್ರ ಬಂತಾ?"

"ಚಿತ್ರ ಬಂತು" ಎಂದ ಪುಟ್ಟಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. ಮದುವೆಗೆ ಬರಲಿಲ್ಲ. ನಾನು ಸೀತೂರು ನೋಡುವ ಮೊದಲೇ ನನ್ನ ಹೆಸರಿನಲ್ಲಿ ಒಂದು ಜಗಳ ಆಗಿ ಹೋಗಿತ್ತು. ನನಗೆ ಮಾವನ ಮೇಲೆ ಕೋಪ ಬಂತು. ಇಡೀ ತಾಲೂಕು ಸುತ್ತಿದ ಮನುಷ್ಯನಿಗೆ ಪಕ್ಕದ ಮನೆಯ ಜಗಲಿ ಹತ್ತಲು ಏನು ಧಾಡಿ?

ಆದರೆ ಭಾನುವಾರದ ಸಿನಿಮಾ ಬಿಡುವುದು ಹೇಗೆ? ಏಕಾದಶಿಯ ಉಪವಾಸದಲ್ಲಿ ಅವಲಕ್ಕಿಗೆ ವಿನಾಯಿತಿ ಇದ್ದ ಹಾಗೆ, ಅವರಿಬ್ಬರ ಜಗಳದಲ್ಲಿ ಆಂಟೆನಾ ಮಾತಿಗೆ ವಿನಾಯಿತಿ ಸಿಕ್ಕಿತು. "ಅಕ್ಕ" ಅನ್ನುವಂತಿಲ್ಲ, "ಶೇಷ" ಅನ್ನುವಂತಿಲ್ಲ, ಚಿತ್ರದ ವಿಷಯ ಬಿಟ್ಟು ಬೇರೆ ಎತ್ತುವಂತಿಲ್ಲ. ಇಬ್ಬರೂ ಇದನ್ನು ವರ್ಷಗಟ್ಟಲೆ ಕಟ್ಟುನಿಟ್ಟಾಗಿ ನಡೆಸಿದರು, ಸಣ್ಣಪುಟ್ಟ ಕಳ್ಳತನ ಬಿಟ್ಟರೆ. "ಮೇಲೆ ಗಾಳಿ ಜೋರದೆ" ಎಂದು ಮಾವ ಕೂಗಿದರೆ, "ತಲೆಗೆ ಟವಲ್ ಸುತ್ಕೊಂಡ್ರೆ ಚಿತ್ರ ಸರಿ ಬತ್ತದೆ" ಎಂದು ಕೆಳಗಿನಿಂದ ಉತ್ತರ ಬರುತ್ತಿತ್ತು. ಮಾವ ಒಂದು ಸಲ ಮೇಲೆ ನಿಂತು ಕೆಮ್ಮಿದ್ದಕ್ಕೆ ಮಾರನೆಯ ಬೆಳಿಗ್ಗೆ ಬೂತಪ್ಪ ಕಷಾಯದ ಚೊಂಬು ಹಿಡಿದು ಬಂದರು.

ಇನ್ನೊಂದು ಕಳ್ಳತನ ಹಿಡಿದವಳು ನಾನೇ. ಒಂದು ಸಂಜೆ ನಮ್ಮ ಟಿ.ವಿ.ಯಲ್ಲಿ ಚಿತ್ರ ಚೆನ್ನಾಗಿ ಬಂದಿತ್ತು. ನನ್ನ ಧಾರಾವಾಹಿ ಶುರುವಾಗಿತ್ತು. ನೋಡುತ್ತಿದ್ದಂತೆ ಚಿತ್ರ ಹೋಯಿತು, ಬಂತು, ಮತ್ತೆ ಹೋಯಿತು. ಸಿಟ್ಟಿನಿಂದ ತಿರುವಿನ ತನಕ ಓಡಿ ನೋಡಿದರೆ ಪುಟ್ಟಕ್ಕ ಅಂಗಳದಲ್ಲಿ ನಿಂತು, ಟಿ.ವಿ. ಕಡೆ ತಿರುಗಿಯೂ ನೋಡದೆ, "ಇಲ್ಲ, ಇನ್ನೂ ಸರಿಯಾಗ್ಲಿಲ್ಲ" ಎಂದು ಕೂಗುತ್ತಿದ್ದರು. ಮೇಲೆ ಮಾವ ಖುಷಿಯಿಂದ ತಿರುಗಿಸುತ್ತಲೇ ಇದ್ದರು. ಧಾರಾವಾಹಿ ಹಾಳಾಗಿ ಹೋಗಲಿ ಅನ್ನಿಸಿತು. ಅಲ್ಲೇ ಕಲ್ಲಿನ ಮೇಲೆ ಕೂತು ಕೇಳಿದೆ.

ಆಮೇಲೆ ಡಿಶ್ ಬಂತು. ಜೀಪು ಓಡಿಸುತ್ತಿದ್ದ ಸುಂದರೇಶ ಕೊಪ್ಪದಿಂದ ತಂದ, ನಮಗೊಂದು, ಪುಟ್ಟಕ್ಕನ ಮನೆಗೊಂದು. ಒಳ್ಳೆಯ ಮನಸ್ಸಿನಿಂದಲೇ ತಂದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಂಗಳದಲ್ಲೇ ತಟ್ಟೆ ಕೂರಿಸಿದರು, ಹೊಸ ಕಲರ್ ಟಿ.ವಿ.ಯಲ್ಲಿ ವಾರ್ತೆ ಓದುವವಳ ಕಿವಿಯೋಲೆಯ ಹರಳು ಎಣಿಸುವಷ್ಟು ಚೊಕ್ಕ ಚಿತ್ರ ಬಂತು. ಗುಡ್ಡ ಹತ್ತುವವರಿಲ್ಲ, ಕೂಗುವವರಿಲ್ಲ. ದೊಡ್ಡ ಮಳೆ ಹೊಡೆದರೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತಿತ್ತು. ಅದಕ್ಕೆ ಉತ್ತರ ಕೊಡುವ ಹಾಗಿಲ್ಲ, ಸುಮ್ಮನೆ ಕಾಯಬೇಕು.

ಮಾವ ರಿಮೋಟ್ ಹಿಡಿದು ಎಲ್ಲೂ ನಿಲ್ಲದೆ ಚಾನೆಲ್ ದಾಟಿಸುತ್ತಾ ಕೂರತೊಡಗಿದರು. "ಏನು ಬೇಕು ಮಾವಯ್ಯ?" ಎಂದರೆ "ಎಂತ ಇಲ್ಲ" ಅನ್ನುತ್ತಿದ್ದರು. ಆ ಕಡೆ ಬೂತಪ್ಪ ನನ್ನ ಹತ್ತಿರ ಹೇಳಿಕೊಂಡರು: "ಇವಳು ಸಂಜೆ ಆದ್ರೆ ಅಂಗಳಕ್ಕೆ ಹೋಗಿ ನಿಲ್ತಾಳೆ ಕೂಸೇ. ಗುಡಿಸೋದು ಮುಗಿದಿರ್ತದೆ, ಆದ್ರೂ ನಿಲ್ತಾಳೆ." ಇರುವೆ ಹರಿಯುತ್ತಿದ್ದ ಆ ಹಳೆಯ ಪೆಟ್ಟಿಗೆಯೇ ಚೆನ್ನಾಗಿತ್ತು.

ಆ ವರ್ಷವೇ ನನಗೆ ಮಗಳು ಹುಟ್ಟಿದಳು. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿ ತೊಟ್ಟಿಲಿಗೆ ಹಾಕುವವಳು ಸೋದರತ್ತೆ. ಸುಂದರೇಶನಿಗೆ ಅಕ್ಕತಂಗಿಯರಿಲ್ಲ. ಆ ಜಾಗದಲ್ಲಿ ನಿಲ್ಲಬೇಕಾದವರು ಪುಟ್ಟಕ್ಕ ಒಬ್ಬರೇ. ಮಾವ ಇವತ್ತು ಕರೆಯುತ್ತೇನೆ, ನಾಳೆ ಕರೆಯುತ್ತೇನೆ ಎನ್ನುತ್ತಾ ನಾಮಕರಣದ ಹಿಂದಿನ ದಿನಕ್ಕೆ ತಂದು ನಿಲ್ಲಿಸಿದರು.

"ನಾನೇ ಹೋಗಿ ಕರೀತೀನಿ" ಎಂದೆ.

"ಬೇಡ. ತಪ್ಪು ಮಾಡಿದ್ದು ನಾನು. ಹೋದಾಗ ಬಾಗ್ಲು ಹಾಕ್ಕೊಂಡ್ರೆ ಎಂತ ಮಾಡೋದು ಅಂತ ಹೆದರಿಕೆ." ಮಾವ ನನ್ನ ಮುಖ ನೋಡದೆ ಅಂದರು. ಎದ್ದು ಸ್ಪ್ಯಾನರ್ ತಗೊಂಡರು. "ಆ ಆಂಟೆನಾ ಬಿಚ್ಚಿ ತರ್ತೇನೆ. ಪೈಪು ದೋಟಿಗಾದ್ರೂ ಆಗ್ತದೆ."

ಕರೆಯುವ ಹೊತ್ತಿನಲ್ಲಿ ಹಲಸಿನಕಾಯಿ ಕೀಳುವ ದೋಟಿಯ ಚಿಂತೆ! ಗೊಣಗುತ್ತಾ ಮಗುವಿನ ಬಟ್ಟೆ ಹರವಲು ತಿರುವಿನ ಬಂಡೆಯ ಹತ್ತಿರ ಹೋದೆ. ಮೇಲೆ ಮಾವ ಪೈಪು ಹಿಡಿದು ಸುಮ್ಮನೆ ನಿಂತಿದ್ದು ಕಾಣಿಸಿತು. ಬಿಚ್ಚುತ್ತಿರಲಿಲ್ಲ.

"ಬಂತಾ?"

ಆ ಕೂಗು ಕೇಳಿ ನನ್ನ ಕೈಯ ಬಟ್ಟೆ ಜಾರಿತು. ವೈರನ್ನು ಸುಂದರೇಶ ಎಂದೋ ಕತ್ತರಿಸಿ ಸುತ್ತಿಟ್ಟಿದ್ದ. ಏನು ಬರಲು ಸಾಧ್ಯ? ಪುಟ್ಟಕ್ಕ ಪೊರಕೆ ಹಿಡಿದೇ ಅಂಗಳಕ್ಕೆ ಬಂದರು. ತಲೆಯೆತ್ತಿ ನೋಡಿದರು. ಒಳಗೆ ಹೋಗಿಬಿಡುತ್ತಾರೇನೋ ಎಂದು ನನಗೆ ಭಯವಾಯಿತು.

"ಇಲ್ಲ" ಎಂದು ಕೂಗಿದರು. "ಇನ್ನೊಂಚೂರು ಎಡಕ್ಕೆ."

ಮಾವ ಎಡಕ್ಕೆ ತಿರುಗಿಸಿದರು.

"ಈಗ?"

"ಹಾಂ. ಈಗ ಸ್ವಲ್ಪ ಕಾಣ್ತದೆ." ಪುಟ್ಟಕ್ಕ ಪೊರಕೆ ಕೆಳಗಿಟ್ಟರು. "ಬಿಸ್ಲು ಜೋರದೆ. ಇಳಿದು ಬಾ, ಶೇಷಾ."

ಮಾವ ಸ್ಪ್ಯಾನರನ್ನು ಅಲ್ಲೇ ಬಿಟ್ಟು ಇಳಿದರು. ನಮ್ಮ ಮನೆಯ ದಾರಿ ಹಿಡಿಯಲಿಲ್ಲ. ಅರ್ಧ ಗುಡ್ಡದಿಂದಲೇ ನನಗೆ ಕೂಗಿದರು: "ಮಾಲತೀ, ಕುಂಕುಮದ ಬಟ್ಟಲು ತಗೊಂಡ್ ಬಾ! ಮಗೂನೂ ಎತ್ಕೊಂಡ್ ಬಾ!"

ನಾನು ಚಪ್ಪಲಿ ಮರೆತು ಓಡಿದೆ. ಮಗುವನ್ನು ಎತ್ತಿಕೊಂಡು ಏದುಸಿರು ಬಿಡುತ್ತಾ ಪುಟ್ಟಕ್ಕನ ಜಗಲಿ ಮುಟ್ಟಿದಾಗ ಮಾವ ಅಲ್ಲಿ ಕೂತು ನೀರು ಕುಡಿದು ಮುಗಿಸಿದ್ದರು. ಚೊಂಬು ಕೆಳಗಿಟ್ಟು ಎದ್ದು ನಿಂತು, ಶಾಲೆಯ ಹುಡುಗನ ಹಾಗೆ ಕೈಕಟ್ಟಿ, "ಅಕ್ಕಾ, ನಾಳೆ ನಾಮಕರಣ. ನೀನು ಬರಬೇಕು" ಎಂದರು.

ಪುಟ್ಟಕ್ಕ ಕಣ್ಣೊರೆಸಿಕೊಂಡರು.

"ಇಷ್ಟಕ್ಕೆ ಇಲ್ಲೀತನಕ ಯಾಕೆ ಬಂದ್ಯೋ? ಗುಡ್ಡದ ಮೇಲಿಂದ್ಲೇ ಕೂಗಿದ್ರೆ ಆಗ್ತಿತ್ತಲ್ಲ" ಎನ್ನುತ್ತಾ ಕುಂಕುಮಕ್ಕೆ ನನ್ನ ಮುಂದೆ ಹಣೆ ಬಾಗಿಸಿದರು.