ಹಸಿರು ಟವೆಲ್ ಯಾವ ಹೆಗಲಲ್ಲಿ

ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಗಗನ ಹೊನ್ನಯ್ಯನ ಜೊತೆ ಮಾತಾಡುತ್ತಿದ್ದುದನ್ನು ಸ್ವಾಮಿ ಮೇಷ್ಟ್ರು ಕಣ್ಣಾರೆ ಕಂಡರು. ಗಗನ ಮಳವಳ್ಳಿಯ ಅವರ ಶಾಲೆಯ ಖೋ ಖೋ ತಂಡದ ಕ್ಯಾಪ್ಟನ್. ಹೊನ್ನಯ್ಯ ಮದ್ದೂರಿನ ಎದುರಾಳಿ ಶಾಲೆಯ ಪಿ.ಟಿ. ಮೇಷ್ಟ್ರು. ಮುಂದಿನ ವಾರ ಮಂಡ್ಯದಲ್ಲಿ ಜಿಲ್ಲಾ ಮಟ್ಟದ ಆಟ. ಫೈನಲ್ಲಿಗೆ ಈ ಎರಡು ಶಾಲೆಗಳೇ ಬರುವುದು ವರ್ಷಾ ವರ್ಷ ನಡೆದುಬಂದ ಸಂಗತಿ. ಹೀಗಿರುವಾಗ ಈ ಹುಡುಗಿಗೆ ಅವನ ಹತ್ತಿರ ಏನು ಮಾತು? ಮಾತು ಸಾಲದು ಅಂತ ಹೊನ್ನಯ್ಯ ಕೈ ಚಾಚಿ ಏನನ್ನೋ ತೋರಿಸಿದ. ಅವಳು ತಲೆಯಾಡಿಸಿ ಮಳವಳ್ಳಿ ಬಸ್ಸು ಹತ್ತಿ ಹೋದಳು.

ಸ್ವಾಮಿ ಮೇಷ್ಟ್ರು ಹುಟ್ಟಾ ಅನುಮಾನದ ಪ್ರಾಣಿಯೇನಲ್ಲ. ಆದರೆ ಹೊನ್ನಯ್ಯನ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದ್ದರು. ದೀಪಿಕ ಎಂಬ ಹುಡುಗಿ, ಇವರೇ ಕೈ ಹಿಡಿದು ಆಟ ಕಲಿಸಿದವಳು, ಹೋದ ವರ್ಷ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಟಿ.ಸಿ. ತೆಗೆದುಕೊಂಡು ಮದ್ದೂರಿನ ಶಾಲೆ ಸೇರಿದ್ದಳು. ಹಾಸ್ಟೆಲ್ ಸೀಟು, ಹೊಸ ಶೂ ಅಂತ ಹೊನ್ನಯ್ಯ ಆಸೆ ಹುಟ್ಟಿಸಿದನಂತೆ. ಮೇಷ್ಟ್ರಿಗೆ ಎಷ್ಟೋ ದಿನ ಅನ್ನ ಸೇರಿರಲಿಲ್ಲ. ಈಗ ಗಗನಳೂ ಹೋದರೆ ತಂಡದಲ್ಲಿ ಉಳಿಯುವುದು ಎರಡು ಕಂಬ, ಒಂದು ಸೀಟಿ.

ಆ ಸೀಟಿ ಬಿಟ್ಟರೆ ಮೈದಾನದಲ್ಲಿ ಮೇಷ್ಟ್ರಿಗೆ ದನಿಯೂ ಇರಲಿಲ್ಲ. ವರ್ಷಗಟ್ಟಲೆ ಕಿರುಚಿ ಕಿರುಚಿ ಗಂಟಲಲ್ಲಿ ಗಂಟಾಗಿ ಮೈಸೂರಿನಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು. ಇನ್ನು ಕೂಗಿದರೆ ಇರುವ ಪಿಸುದನಿಯೂ ಹೋದೀತು ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಆಗ ಅವರ ಕೈಗೆ ಬಂದದ್ದು ಅಪ್ಪ ರೈತ ಸಂಘದ ಮೆರವಣಿಗೆಗೆ ಹೊದ್ದುಕೊಂಡು ಹೋಗುತ್ತಿದ್ದ ಹಸಿರು ಟವೆಲ್. ಅದು ಬಲ ಹೆಗಲಿಗೆ ಬಂದರೆ ಹುಡುಗಿಯರು ಕೂತವರ ಸಾಲಿನ ಒಳಗೆ ನುಸುಳುತ್ತ ಓಡಬೇಕು. ಎಡ ಹೆಗಲಿಗೆ ಹೋದರೆ ಸಾಲು ಬಿಟ್ಟು ಹೊರಗೆ ಸುತ್ತು ಹಾಕಬೇಕು. ಟವೆಲ್ ಮೇಷ್ಟ್ರು ಅಂತ ತಾಲ್ಲೂಕೆಲ್ಲ ಆಡಿಕೊಂಡು ನಕ್ಕಿತು. ತಂಡ ಗೆಲ್ಲತೊಡಗಿದ ಮೇಲೆ ನಗು ನಿಂತಿತು.

ಆದರೆ ಈಚೆಗೆ ಮದ್ದೂರಿನವರ ಜೊತೆ ಅಭ್ಯಾಸಕ್ಕೆಂದು ಆಡಿದ ಪಂದ್ಯದಲ್ಲಿ ಒಂದು ಎಡವಟ್ಟು ನಡೆದಿತ್ತು. ಮೇಷ್ಟ್ರು ಟವೆಲನ್ನು ಎಡಕ್ಕೆ ಹಾಕಿದ್ದರು. ಗಗನ ಇವರತ್ತಲೇ ನೋಡಿದಳು, ನೋಡಿಯೂ ಸಾಲಿನೊಳಗೆ ನುಗ್ಗಿ ನೇರವಾಗಿ ದೀಪಿಕಳ ಕೈಗೆ ಸಿಕ್ಕಿ ಔಟಾದಳು. ಅವತ್ತು ಗಾಬರಿ ಇರಬಹುದು ಅಂತ ಬಿಟ್ಟಿದ್ದರು. ಬಸ್ ಸ್ಟ್ಯಾಂಡಿನ ದೃಶ್ಯ ಕಂಡ ಮೇಲೆ ಅದು ಗಾಬರಿಯಾಗಿ ಉಳಿಯಲಿಲ್ಲ. ಮನೆಗೆ ಬಂದವರೇ ಹೊನ್ನಯ್ಯನಿಗೆ ಫೋನ್ ಹಚ್ಚಿದರು.

"ಏನ್ಲಾ ಹೊನ್ನ, ನಮ್ ಉಡ್ಗೀರ್ಗೆ ಮತ್ತೆ ಬಲೆ ಬೀಸ್ತಿದ್ದೀಯಾ?"

"ಯಾವ್ ಉಡ್ಗಿ ಲೇ? ಓ, ಗಗನಾನಾ? ಮಳವಳ್ಳಿ ಬಸ್ಸು ಯಾವ್ದು ಸಾರ್ ಅಂದ್ಲು. ಅಗೋ, ನಿಂತೈತಲ್ಲಮ್ಮ ಅಂತ ತೋರ್ಸ್ದೆ. ಅಷ್ಟೇ ಕಣ್ಲಾ."

"ಮದ್ದೂರ್ನಾಗೆ ಅತ್ತೆ ಮನೆ ಇಟ್ಕೊಂಡು ಯಾವಾಗ್ಲೂ ಓಡಾಡೋ ಉಡ್ಗಿ, ಅಷ್ಟ್ ದಪ್ಪ ಬೋರ್ಡು ಕಣ್ಮುಂದೆ ಇದ್ರೆ ನಿನ್ನ ಕೇಳುದ್ಲಾ? ಕತೆ ಕಟ್ಬ್ಯಾಡ."

"ನಂಬಂಗಿದ್ರೆ ನಂಬು, ಇಲ್ಲಾಂದ್ರೆ ಬುಡು," ಎಂದು ಹೊನ್ನಯ್ಯ ನಕ್ಕು ಫೋನಿಟ್ಟ. ಆ ನಗು ಮೇಷ್ಟ್ರ ಮೈ ಉರಿಸಿತು. ಸುಳ್ಳು ಹೇಳುವವನು ನಂಬುವಂಥ ಸುಳ್ಳನ್ನಾದರೂ ಹೇಳಬಾರದೇ?

ಒಮ್ಮೆ ಅನುಮಾನ ಒಳಗೆ ಬಂದು ಕೂತಿತೆಂದರೆ ಅದಕ್ಕೆ ಊಟ ಹಾಕಲು ಜನ ತಾವಾಗಿಯೇ ಬರುತ್ತಾರೆ. ಗಗನಳ ಊರು ಬಂಡೂರಿನ ರಸ್ತೆಯಲ್ಲಿ ಮೇಷ್ಟ್ರು ಟೀ ಕುಡಿಯುತ್ತ ನಿಂತಿದ್ದಾಗ, ಆಚೆ ಬದಿಯಲ್ಲಿ ಗಗನ ಮನೆಯ ಕುರಿ ಹೊಡೆದುಕೊಂಡು ಬಂದಳು. ಇವರತ್ತ ನೇರವಾಗಿ ನೋಡಿದಳು. ಮೇಷ್ಟ್ರು ಇನ್ನೇನು ನಗಬೇಕು, ಅಷ್ಟರಲ್ಲಿ ಮುಖ ತಿರುಗಿಸಿ ನಡೆದೇಬಿಟ್ಟಳು. ದೂರದಿಂದಲೇ "ನಮಸ್ಕಾರ ಸಾರ್" ಅಂತ ಕೂಗುತ್ತಿದ್ದ ಹುಡುಗಿ! ಮೇಷ್ಟ್ರಿಗೆ ಟೀ ಕಹಿಯಾಯಿತು. ತಪ್ಪು ಮಾಡಿದವರಿಗೆ ಮುಖ ಕೊಡಲು ಆಗುವುದಿಲ್ಲ ಎಂದು ತಾವೇ ತೀರ್ಪು ಬರೆದುಕೊಂಡರು.

ಆಮೇಲೆ ಅಭ್ಯಾಸದಲ್ಲಿ ಕಣ್ಣಿಟ್ಟು ನೋಡಿದರೆ ಇನ್ನೊಂದು ವಿಷಯ ಗೊತ್ತಾಯಿತು. ಗಗನ ಈಗ ಟವೆಲ್ ನೋಡಿ ಓಡುತ್ತಿರಲಿಲ್ಲ. ಮೊದಲು ಕಹಕಶಾನಳ ಮುಖ ನೋಡುತ್ತಿದ್ದಳು, ಆಮೇಲೆ ಓಡುತ್ತಿದ್ದಳು. ಕಹಕಶಾನ್ ಮಳವಳ್ಳಿಯ ಟ್ರ್ಯಾಕ್ಟರ್ ಮೆಕ್ಯಾನಿಕ್ ಇಲ್ಯಾಸನ ಮಗಳು, ಗಗನಳ ಜೀವದ ಗೆಳತಿ. ಇಬ್ಬರ ನಡುವೆ ಕೆಮ್ಮುವುದು, ಕೈ ತಿರುಗಿಸುವುದು, ಏನೇನೋ ಸನ್ನೆ. ನನ್ನ ಟವೆಲ್ಲಿನ ಮೇಲೆ ಇವರದೊಂದು ಟವೆಲ್ಲೇ? ಮೇಷ್ಟ್ರಿಗೆ ಅವಮಾನವಾಯಿತು, ಅವಮಾನಕ್ಕಿಂತ ಹೆಚ್ಚಾಗಿ ನೋವಾಯಿತು.

ಮೇಷ್ಟ್ರು ಶಿಸ್ತಿನ ಮನುಷ್ಯ. ಉಗುರು ಬೆಳೆದಿದ್ದರೆ ಮೈದಾನಕ್ಕೆ ಬರುವಂತಿಲ್ಲ, ಗಾಜಿನ ಬಳೆ ತೊಟ್ಟರೆ ಬರುವಂತಿಲ್ಲ, ಓಲೆ ಇದ್ದರೂ ಇಲ್ಲ. ಹಿಂದೊಮ್ಮೆ ಚಂದನ ಎಂಬ ಹುಡುಗಿ ಕಂಬಕ್ಕೆ ಮುಖ ಹೊಡೆದುಕೊಂಡು ಕನ್ನಡಕದ ಗಾಜು ಹುಬ್ಬು ಸೀಳಿದ ಮೇಲೆ ಕನ್ನಡಕದವರಿಗೂ ಬಾಗಿಲು ಮುಚ್ಚಿತ್ತು. ಗಾಯ ವಾಸಿಯಾಗಿ ಬಂದ ಚಂದನಳನ್ನು "ನೀನು ಓದ್ಕೋ ಹೋಗಮ್ಮ" ಅಂತ ಮೈದಾನದ ಗೇಟಿನಿಂದಲೇ ಕಳಿಸಿದ್ದರು. ಅಂಥ ಮೇಷ್ಟ್ರು ಒಂದು ಸಂಜೆ ಮೈದಾನದಂಚಿನ ಬೇವಿನ ಮರದ ಹಿಂದಿನಿಂದ ಬಂದಾಗ, ಕಹಕಶಾನ್ ಯಾವುದೋ ಉದ್ದನೆಯ ಡಬ್ಬಿಯನ್ನು ಫಕ್ಕನೆ ಬ್ಯಾಗಿಗೆ ತುರುಕಿದಳು. ಗಗನಳ ಮುಖ ಬಿಳಿಚಿಕೊಂಡಿತು.

"ಏನದು?"

"ಜಾಮಿಟ್ರಿ ಬಾಕ್ಸು ಸಾರ್," ಎಂದಳು ಕಹಕಶಾನ್.

ಖೋ ಖೋ ಮೈದಾನದಲ್ಲಿ ಜಾಮಿಟ್ರಿ! ಹೆಣ್ಣುಮಕ್ಕಳ ಬ್ಯಾಗಿಗೆ ಕೈ ಹಾಕುವುದು ಸರಿಯಲ್ಲ ಎಂದು ಮೇಷ್ಟ್ರು ಸುಮ್ಮನಾದರು. ಹೊನ್ನಯ್ಯ ಕೊಟ್ಟ ವಾಚೋ ಮೊಬೈಲೋ ಇರಬೇಕೆಂದು ಮನಸ್ಸು ಮಾತ್ರ ಸುಮ್ಮನಾಗಲಿಲ್ಲ.

ಅಂದುಕೊಂಡಂತೆ ಎರಡೂ ಶಾಲೆಗಳು ಫೈನಲ್ಲಿಗೆ ಬಂದವು. ಮಂಡ್ಯದ ಸ್ಟೇಡಿಯಮ್ಮಿನಲ್ಲಿ, ಆಟಕ್ಕೆ ಮುಂಚೆ, ಮೇಷ್ಟ್ರು ಗಗನಳೊಬ್ಬಳನ್ನೇ ಪಕ್ಕಕ್ಕೆ ಕರೆದರು. ಹಿಡಿಯಬೇಕೆಂದರೆ ಇವತ್ತೇ ಹಿಡಿಯಬೇಕು.

"ನೋಡು ಗಗನ, ದೀಪಿಕಂಗೆ ನಮ್ ಗುರುತೆಲ್ಲ ಗೊತ್ತು. ಅದ್ಕೆ ಇವತ್ತು ಉಲ್ಟಾ. ಬಲಕ್ಕೆ ಹಾಕುದ್ರೆ ಹೊರಗೆ, ಎಡಕ್ಕೆ ಹಾಕುದ್ರೆ ಒಳಗೆ. ಇದು ನಿನಗೊಬ್ಬಳಿಗೇ. ಮಿಕ್ಕೋರು ನಿನ್ನ ನೋಡ್ಕೊಂಡು ಓಡ್ಲಿ. ಯಾರ ಹತ್ರಾನೂ ಬಾಯಿ ಬುಡಂಗಿಲ್ಲ."

"ಯಾರ್ಗೂ ಏಳ್ಬಾರ್ದಾ ಸಾರ್?" ಎಂದು ಅವಳು ಉಗುಳು ನುಂಗಿದಳು. ಆ ಪ್ರಶ್ನೆಯೇ ಮೇಷ್ಟ್ರಿಗೆ ಸಾಕಾಗಿತ್ತು.

ಮೈ ಬಿಸಿ ಮಾಡಿಕೊಳ್ಳುವ ಓಟ ಶುರುವಾಯಿತು. ಮೇಷ್ಟ್ರು ಏನೂ ಅರಿಯದವರ ಹಾಗೆ ಟವೆಲನ್ನು ಎಡ ಹೆಗಲಿಗೆ ಹಾಕಿದರು. ಆ ತುದಿಯಲ್ಲಿದ್ದ ಕಹಕಶಾನ್ ಕೂಡಲೇ ಗಗನಳ ಕಿವಿಗೆ "ಒಳಗೆ!" ಎಂದಳು. ಮಾತು ಕೇಳದಿದ್ದರೂ ಇಬ್ಬರೂ ಸಾಲಿನೊಳಗೆ ನುಗ್ಗಿದ್ದು ಕಂಡಿತು. ಕೈಯಲ್ಲಿದ್ದ ಟೀ ಆರುವ ಮೊದಲೇ ಗುಟ್ಟು ಹೊರಬಿದ್ದಿತ್ತು. ಕಹಕಶಾನಳಿಗೆ ಹೇಳಿದವಳು ಹೊನ್ನಯ್ಯನಿಗೆ ಹೇಳದೆ ಬಿಡುತ್ತಾಳೆಯೇ? ಅದಕ್ಕೆ ಸರಿಯಾಗಿ ದೀಪಿಕ ಬಂದು ಗಗನಳ ಹೆಗಲ ಮೇಲೆ ಕೈ ಹಾಕಿ ನಕ್ಕಳು. ಇನ್ನೇನು ಸಾಕ್ಷಿ ಬೇಕಿತ್ತು?

ಮೇಷ್ಟ್ರು ತಂಡವನ್ನೆಲ್ಲ ಸುತ್ತ ಸೇರಿಸಿದರು. "ಇವತ್ತು ರೂಪ ಕ್ಯಾಪ್ಟನ್. ಕಹಕಶಾನ್ ಬೆಂಚಲ್ಲಿ ಕೂತ್ಕೊ. ಗುರುತು ಎಲ್ಲಾ ಅಳೇದೇ."

"ಯಾಕೆ ಸಾರ್?" ಎಂದಳು ಗಗನ.

"ಯಾಕೆ ಅನ್ನೋದು ನಿನ್ನ ಮನಸ್ಸಿಗೇ ಗೊತ್ತು."

ಅವಳ ಕಣ್ಣು ತುಂಬಿತು. ಒಂದು ಮಾತೂ ಎದುರಾಡಲಿಲ್ಲ. ನಿರಪರಾಧಿಯಾಗಿದ್ದರೆ ಜಗಳವಾಡುತ್ತಿದ್ದಳು ಎಂದು ಮೇಷ್ಟ್ರು ಗಟ್ಟಿ ಮಾಡಿಕೊಂಡರು. ಅವಳನ್ನು ಆಟದಿಂದಲೇ ಕೈಬಿಡುವ ಧೈರ್ಯ ಮಾತ್ರ ಅವರಿಗಿರಲಿಲ್ಲ. ಅವಳಷ್ಟು ಹೊತ್ತು ಸಿಗದೆ ಓಡುವವಳು ತಂಡದಲ್ಲಿ ಇನ್ನೊಬ್ಬಳಿರಲಿಲ್ಲ.

ಅವತ್ತು ಅವಳು ಓಡಲಿಲ್ಲ, ತಡವರಿಸಿದಳು. ಟವೆಲ್ ಬಲಕ್ಕೆ ಹೋದಾಗ ಹೊರಗೆ ಹೋದಳು, ಎಡಕ್ಕೆ ಬಂದಾಗ ನಿಂತೇಬಿಟ್ಟಳು. ಬೆಂಚಿನ ಕಡೆ ಕಹಕಶಾನಳನ್ನು ಹುಡುಕುತ್ತಿರುವಾಗಲೇ ದೀಪಿಕ ಬೆನ್ನಿಗೆ ಬಡಿದಳು. ಉಳಿದವರು ಒಬ್ಬರ ಹಿಂದೆ ಒಬ್ಬರು ಉದುರಿದರು. ಮೊದಲ ಸರದಿ ಮುಗಿಯುವಷ್ಟರಲ್ಲಿ ಮದ್ದೂರಿನವರು ಕೈಗೆಟುಕದಷ್ಟು ಮುಂದೆ ಹೋಗಿದ್ದರು.

ವಿರಾಮದಲ್ಲಿ ಮೇಷ್ಟ್ರು ಗಗನಳ ಮುಂದೆ ಬಂದು ನಿಂತರು. ಹಲ್ಲು ಕಚ್ಚಿದ ಪಿಸುದನಿಯಲ್ಲಿ, "ಹೊನ್ನಯ್ಯನ ಋಣ ತೀರಿಸ್ದೇನಮ್ಮ?" ಎಂದರು.

ಗಗನಳಿಗೆ ಅರ್ಥವಾಗಲಿಲ್ಲ. ಬೆಂಚಿನಿಂದ ಕಹಕಶಾನ್ ಎದ್ದು ಬಂದಳು. "ಅವ್ಳಿಗೆ ನಿಮ್ ಟವೆಲ್ಲು ಕಾಣ್ಸಲ್ಲ ಸಾರ್! ದೂರದ್ದು ಏನೂ ಕಾಣ್ಸಲ್ಲ. ಇಷ್ಟ್ ದಿನ ನಾನೇ ನೋಡಿ ಏಳ್ತಿದ್ದೆ. ನನ್ನೇ ಕೂರ್ಸ್ಬುಟ್ರಲ್ಲ!"

ಹೊಸ ನಾಟಕ ಎಂದುಕೊಂಡರು ಮೇಷ್ಟ್ರು. ಕಹಕಶಾನಳಿಗೆ ಬೆನ್ನು ತಿರುಗಿಸಿ ನಿಲ್ಲಲು ಹೇಳಿ, ಆಚೆಯ ಕಂಬದವರೆಗೆ ನಡೆದು, ಎರಡು ಬೆರಳು ಎತ್ತಿದರು.

"ಸಾರ್ ಎಷ್ಟ್ ಬೆರಳು ತೋರ್ಸ್ತಾವ್ರೆ, ಗಗನ?" ಎಂದು ಕೇಳಿದವಳು ರೂಪ.

ಗಗನ ಕಣ್ಣು ಕಿರಿದು ಮಾಡಿದಳು, ಕತ್ತು ಮುಂದೆ ಚಾಚಿದಳು. "ಕೈ ಎತ್ತವ್ರೆ ಅಂತ ಗೊತ್ತಾಯ್ತದೆ," ಎಂದಳು. "ಬೆರಳು ಕಾಣ್ಸಲ್ಲ."

ಮೇಷ್ಟ್ರ ಕೈ ಎತ್ತಿದಂತೆಯೇ ನಿಂತಿತು. ಬಸ್ಸಿನ ಬೋರ್ಡು ಕಂಡಿರಲಿಲ್ಲ. ಟೀ ಅಂಗಡಿಯ ಮುಂದೆ ನಿಂತವರು ಯಾರೆಂದು ಕಂಡಿರಲಿಲ್ಲ. ಹೊನ್ನಯ್ಯ ಒಂದು ಅಕ್ಷರವೂ ಸುಳ್ಳು ಹೇಳಿರಲಿಲ್ಲ. ವಾಪಸು ಬರುವ ದಾರಿ ಹೋದದ್ದಕ್ಕಿಂತ ಉದ್ದವಾಗಿತ್ತು.

"ಯಾಕಮ್ಮ ಏಳ್ಲಿಲ್ಲ?"

"ಚಂದನಕ್ಕನ್ನ ಗೇಟ್ನಿಂದ್ಲೇ ಕಳುಸ್ಬುಟ್ರಲ್ಲ ಸಾರ್. ಅವತ್ತು ನಾನೂ ಅಲ್ಲೇ ನಿಂತಿದ್ದೆ."

ಕಹಕಶಾನ್ ಬ್ಯಾಗಿನಿಂದ ಉದ್ದನೆಯ ಡಬ್ಬಿ ತೆಗೆದಳು. ಕಹಕಶಾನಳ ಅಜ್ಜಿಯ ಪೊರೆ ತೋರಿಸಲು ಕಣ್ಣಿನ ಆಸ್ಪತ್ರೆಗೆ ಹೋದಾಗ ಜೊತೆಗಿದ್ದ ಗಗನಳಿಗೂ ಪರೀಕ್ಷೆ ಮಾಡಿ ಕೊಟ್ಟಿದ್ದ ಕನ್ನಡಕ. ಗಗನ ಅದನ್ನು ಮುಟ್ಟಲಿಲ್ಲ. "ಬ್ಯಾಡ. ಆಕ್ಕೊಂಡ್ರೆ ಆಟದಿಂದ ತೆಗೀತಾರೆ," ಎಂದು ಮೇಷ್ಟ್ರ ಎದುರಿಗೇ ಗೆಳತಿಗೆ ಹೇಳಿದಳು. ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಅಂಪೈರ್ ಸೀಟಿ ಊದಿದರು.

ಎರಡನೆಯ ಸರದಿಗೆ ಕಹಕಶಾನಳನ್ನು ಗಗನಳ ಜೊತೆಗೇ ಇಳಿಸಿದರು. ಇಬ್ಬರೂ ಸೇರಿ ಮದ್ದೂರಿನವರ ಬೆವರಿಳಿಸಿದರು. ಆದರೆ ದೀಪಿಕ ಚುರುಕು. ಕಂಬದ ಹತ್ತಿರ ಕಹಕಶಾನಳನ್ನೇ ಮುಟ್ಟಿಬಿಟ್ಟಳು. ಗಗನ ಒಂಟಿಯಾದಳು. ಅವಳು ಮೇಷ್ಟ್ರ ಕಡೆ ತಿರುಗಿದಳು, ಮುಖದಲ್ಲಿ ಬರೀ ದಿಗಿಲು. ಟವೆಲ್ ಈಗ ಯಾವ ಹೆಗಲಲ್ಲಿದ್ದರೂ ಒಂದೇ ಆಗಿತ್ತು.

ಮೇಷ್ಟ್ರು ಅದನ್ನು ನೆಲಕ್ಕೆ ಬಿಸಾಕಿದರು.

"ಹೊರಗೆ ಗಗನಾ! ಹೊರಗೆ! ಈಗ ಒಳಗೆ ನುಗ್ಗು!"

ಒಡೆದ ದನಿ ಸ್ಟೇಡಿಯಮ್ಮಿನ ಆ ಮೂಲೆಗೂ ಕೇಳಿತು. ಆಚೆ ನಿಂತಿದ್ದ ಹೊನ್ನಯ್ಯ, "ಲೋ ಸ್ವಾಮಿ, ಗಂಟಲು ಓಯ್ತದೆ ಕಣ್ಲಾ!" ಎಂದು ಕೂಗಿಕೊಂಡ. ಮೇಷ್ಟ್ರು ನಿಲ್ಲಿಸಲಿಲ್ಲ. ಗಗನ ಆ ದನಿ ಹಿಡಿದು ಓಡಿದಳು, ಕೊನೆಯ ಸೀಟಿಯವರೆಗೂ ಯಾರ ಕೈಗೂ ಸಿಗಲಿಲ್ಲ. ಆದರೂ ತಂಡ ಸೋತಿತು. ಮೊದಲ ಸರದಿಯಲ್ಲಿ ಕಳೆದದ್ದು ತುಂಬಲಿಲ್ಲ, ಕಳೆದವರು ಯಾರೆಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು.

ಬಹುಮಾನ ಕೊಟ್ಟಾಯಿತು, ಮೈದಾನ ಖಾಲಿಯಾಯಿತು. ಮೇಷ್ಟ್ರು ಈ ತುದಿಯಲ್ಲಿ ನೀರಿನ ಬಾಟಲಿ ಹಿಡಿದು ಕೂತಿದ್ದರು. ಗಂಟಲಿನಿಂದ ಗಾಳಿ ಬಿಟ್ಟರೆ ಏನೂ ಹೊರಡುತ್ತಿರಲಿಲ್ಲ. ಆ ತುದಿಯ ಕಂಬದ ಹತ್ತಿರ ಗಗನ ನಿಂತಿದ್ದಳು, ಪಕ್ಕದಲ್ಲಿ ಕಹಕಶಾನ್.

"ಸಾರ್," ಎಂದು ಗಗನ ಕೂಗಿ ಕೇಳಿದಳು, "ನಾಳಿಂದ ಪ್ರಾಕ್ಟೀಸ್ಗೆ ನಾನು ಬರ್ಲಾ, ಬ್ಯಾಡ್ವಾ?"

ಬಾ ಅನ್ನಲು ಹೋದರು, ದನಿಯಿಲ್ಲ. ಜೋರಾಗಿ ತಲೆಯಾಡಿಸಿದರು. ಗಗನ ಅಲ್ಲೇ ನಿಂತಿದ್ದಳು, ಉತ್ತರಕ್ಕೆ ಕಾಯುತ್ತ. ಕಹಕಶಾನ್ ಮೇಷ್ಟ್ರನ್ನು ನೋಡಿದಳು. ಈ ಸಲ ಅವಳು ಗೆಳತಿಯ ಕಿವಿಗೆ ಏನನ್ನೂ ಹೇಳಲಿಲ್ಲ.

ಮೇಷ್ಟ್ರಿಗೆ ಆಗ ಹೊಳೆಯಿತು. ಎದ್ದು, ಟವೆಲನ್ನು ಕೊಡವಿಕೊಂಡು, ಇಡೀ ಮೈದಾನ ದಾಟಿ ಅವಳಿದ್ದಲ್ಲಿಗೆ ನಡೆದುಹೋದರು. ಕಹಕಶಾನಳ ಮುಂದೆ ಕೈ ಚಾಚಿ ಡಬ್ಬಿ ಇಸಿದುಕೊಂಡರು. ಟವೆಲ್ಲಿನ ಒಳ್ಳೆಯ ಅಂಚು ಹುಡುಕಿ ಕನ್ನಡಕದ ಎರಡೂ ಗಾಜು ಒರೆಸಿ ಗಗನಳ ಕೈಗೆ ಕೊಟ್ಟರು. ಅವಳು ಹೆದರುತ್ತಲೇ ಹಾಕಿಕೊಂಡು ಮುಖವೆತ್ತಿ ನೋಡಿದಳು. ಆಮೇಲೆ ಮೇಷ್ಟ್ರು, ಅವಳಿಗೆ ಕಾಣುವ ಹಾಗೆ, ಇನ್ನೊಮ್ಮೆ ತಲೆಯಾಡಿಸಿದರು.